ಶರದೃತು ಬಂತು, ಮನೆಯವರ ಸಕ್ಕರೆ ನೋಡಿದಿರಾ?

ನಾನು ಕೊಲ್ಲಿ ನಾಡಿಗೆ ಬಂದ ಹೊಸದರಲ್ಲಿ ಇಲ್ಲಿನ ಹಳಬರು ತಮಾಷೆಗೆ ಒಂದು ಮಾತು ಹೇಳುತ್ತಿದ್ದರು: "ಇಲ್ಲಿ ಇರೋದು ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ!" ಹಲವು ವರ್ಷ ಇಲ್ಲಿ ಕಳೆದ ಮೇಲೆ ಆ ಮಾತು ಪೂರ್ತಿ ನಿಜವಲ್ಲ ಎಂದು ತಿಳಿಯಿತು. ಆಗಸ್ಟ್ 24ರ ಆಸುಪಾಸಿನಲ್ಲಿ ಬೆಳಗಿನ ಜಾವ ದಕ್ಷಿಣ ದಿಗಂತದಲ್ಲಿ ಒಂದು ಹೊಳೆಯುವ ನಕ್ಷತ್ರ ಕಾಣಿಸಿಕೊಳ್ಳುತ್ತದೆ. ಅರಬರು ಅದನ್ನು ಸುಹೈಲ್ ಎನ್ನುತ್ತಾರೆ. ಸುಹೈಲ್ ಮೂಡಿದರೆ ಸೆಕೆಯ ಬೆನ್ನು ಮುರಿಯಿತು ಎಂದು ಇಲ್ಲಿನ ಹಿರಿಯರ ಲೆಕ್ಕ. ಅದೇ ನಕ್ಷತ್ರವನ್ನು ನಮ್ಮ ಹಿರಿಯರು ಅಗಸ್ತ್ಯ ಎಂದು ಕರೆದರು. ಅಗಸ್ತ್ಯೋದಯವಾದರೆ ಮಳೆಗಾಲ ಮುಗಿಯುತ್ತ ಬಂತು, ಇನ್ನು ಶರದೃತು ಎಂದು ಅವರ ಲೆಕ್ಕ. ಮರಳುಗಾಡಿನವರೂ ಮಲೆನಾಡಿನವರೂ ಒಂದೇ ನಕ್ಷತ್ರ ನೋಡಿ ನಿಟ್ಟುಸಿರು ಬಿಟ್ಟಿದ್ದಾರೆ!

ಸೆಪ್ಟೆಂಬರ್ 15ಕ್ಕೆ ಹೊರಗೆ ಕೆಲಸ ಮಾಡುವ ಕಾರ್ಮಿಕರ ಮಧ್ಯಾಹ್ನದ ಕಡ್ಡಾಯ ವಿಶ್ರಾಂತಿಯ ಅವಧಿ ಮುಗಿಯುತ್ತದೆ. ಅಕ್ಟೋಬರ್ ಕಳೆಯುವ ಹೊತ್ತಿಗೆ ಸಂಜೆಯ ಗಾಳಿ ತಂಪಾಗುತ್ತದೆ. ಅಲ್ಲಿಂದ ನಮ್ಮ ಸಾಲು ಸಾಲು ಸಂಭ್ರಮ: ನವರಾತ್ರಿ, ದೀಪಾವಳಿ, ರಾಜ್ಯೋತ್ಸವ. ಇವುಗಳ ನಡುವೆ ಇನ್ನೊಂದು ದಿನವೂ ಬರುತ್ತದೆ. ನವೆಂಬರ್ 14 ನಮಗೆಲ್ಲ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. 1921ರಲ್ಲಿ ಚಾರ್ಲ್ಸ್ ಬೆಸ್ಟ್ ಅವರೊಡನೆ ಇನ್ಸುಲಿನ್ ಕಂಡುಹಿಡಿದ ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ಅದು. 1991ರಿಂದ ಈ ಆಚರಣೆ ನಡೆದುಬಂದಿದ್ದು, 2007ರಿಂದ ವಿಶ್ವಸಂಸ್ಥೆಯ ಅಧಿಕೃತ ದಿನವೂ ಆಗಿದೆ.

ನಾನು ಡಾಕ್ಟರ್ ಅಲ್ಲ, ಕೀಬೋರ್ಡ್ ಕುಟ್ಟಿ ಹೊಟ್ಟೆ ಹೊರೆಯುವವನು. ಆದರೂ ಸ್ಮರಣ ಸಂಚಿಕೆಯ ಈ ಪುಟಗಳಲ್ಲಿ ಆರೋಗ್ಯದ ಬಗ್ಗೆ ಬರೆಯಲು ಕಾರಣ ನನ್ನ ಮನೆಯಲ್ಲೇ ನಡೆದ ಒಂದು ಸಂಗತಿ.

ಆಫೀಸಿನ ಶಿಬಿರ ಮನೆಯ ತನಕ ಬರಲಿಲ್ಲ

ಪ್ರತಿ ವರ್ಷ ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲಿ ನಮ್ಮ ಆಫೀಸಿನಲ್ಲಿ ಆರೋಗ್ಯ ಸಪ್ತಾಹ ಇರುತ್ತದೆ. ಇಲ್ಲಿನ ಬಹುಪಾಲು ಆಸ್ಪತ್ರೆ, ಬ್ಯಾಂಕು, ದೊಡ್ಡ ಕಂಪನಿಗಳಲ್ಲೂ ಇದು ರೂಢಿ. ಇಬ್ಬರು ನರ್ಸುಗಳು ಬಂದು ರಕ್ತದೊತ್ತಡ ನೋಡುತ್ತಾರೆ, ಬೆರಳಿಗೆ ಚುಚ್ಚಿ ಸಕ್ಕರೆ ನೋಡುತ್ತಾರೆ, ಫ್ಲೂ ಚುಚ್ಚುಮದ್ದು ಕೊಡುತ್ತಾರೆ. ಕೊನೆಗೆ ಒಂದು ಸೇಬು ಮತ್ತು ನೀರಿನ ಬಾಟಲಿ. ಕೆಲವು ವರ್ಷಗಳ ಹಿಂದೆ ಆ ಶಿಬಿರದಲ್ಲಿ ನನ್ನ ಸಕ್ಕರೆ ಗಡಿಯ ಮೇಲಿದೆ ಎಂದರು. ಕ್ಲಿನಿಕ್ಕಿಗೆ ಹೋಗಿ ಎಚ್‌ಬಿಎ1ಸಿ ಮಾಡಿಸಿದೆ, 6.1 ಬಂತು. ಮನೆಗೆ ಬಂದು ದೊಡ್ಡ ದುರಂತವೆಂಬಂತೆ ಹೇಳಿಕೊಂಡೆ. ಅಂದಿನಿಂದ ನನಗೆ ಅನ್ನ ಕಡಿಮೆ, ಚಪಾತಿ ಬೇರೆ, ಪಲ್ಯ ಹೆಚ್ಚು. ಎಲ್ಲ ವ್ಯವಸ್ಥೆಯನ್ನೂ ನನ್ನ ಹೆಂಡತಿಯೇ ಮಾಡಿದಳು. ನನ್ನ ತಟ್ಟೆಯಿಂದ ಹಿಂದಕ್ಕೆ ಹೋದ ಅನ್ನವನ್ನು "ಚೆಲ್ಲೋದೇಕೆ" ಎಂದು ಊಟ ಮಾಡಿದವಳೂ ಅವಳೇ.

ಮೂರು ತಿಂಗಳ ನಂತರ ಮತ್ತೆ ಹೋದಾಗ ಡಾಕ್ಟರು ನನ್ನ ವರದಿ ನೋಡಿ ತಲೆಯಾಡಿಸಿದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ಅವಳ ಕಡೆ ತಿರುಗಿ, "ನಿಮ್ಮದು ಯಾವಾಗ ನೋಡಿಸಿದ್ದಮ್ಮ?" ಎಂದು ಕೇಳಿದರು.

ಅವಳು ಸ್ವಲ್ಪ ಯೋಚಿಸಿ, "ಎರಡನೇ ಮಗಳು ಹೊಟ್ಟೇಲಿದ್ದಾಗ ಸಕ್ಕರೆ ಇದೆ ಅಂದಿದ್ರು. ಹೆರಿಗೆ ಆದ್ಮೇಲೆ ಹೋಯ್ತು ಅಂದ್ರು. ಆಮೇಲೆ ಯಾರೂ ನೋಡ್ಲಿಲ್ಲ" ಎಂದಳು.

ಆಗ ಮಗಳಿಗೆ ಒಂಬತ್ತು ವರ್ಷ. ಅಂದೇ ರಕ್ತ ಕೊಟ್ಟಳು. ಮರುದಿನ ಫಲಿತಾಂಶ ಬಂತು: 7.4. ಗಡಿಯ ಮೇಲಲ್ಲ, ಗಡಿ ದಾಟಿ ಎಷ್ಟು ಕಾಲವಾಗಿತ್ತೋ ಯಾರಿಗೂ ಗೊತ್ತಿಲ್ಲ. ನನಗೆ ಪ್ರತಿ ವರ್ಷ ಆಫೀಸಿನವರು ಕರೆದು ಪರೀಕ್ಷೆ ಮಾಡುತ್ತಿದ್ದರು. ಅವಳನ್ನು ಕರೆಯುವ ಆಫೀಸು ಇರಲಿಲ್ಲ. ಕರೆಯಬೇಕಾಗಿದ್ದವನು ನಾನು. ಒಂಬತ್ತು ವರ್ಷ ನಾನು ಒಮ್ಮೆಯೂ ಕೇಳಲಿಲ್ಲ. ಕಾರಿನ ಸರ್ವಿಸ್ ದಿನಾಂಕ ನೆನಪಿಟ್ಟುಕೊಂಡವನಿಗೆ ಇದು ನೆನಪಾಗಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಶರತ್ಕಾಲದ ಆರೋಗ್ಯ ತಪಾಸಣೆ ಉದ್ಯೋಗಿಯೊಬ್ಬನಿಗೆ ಮುಗಿಯಬಾರದು, ಇಡೀ ಮನೆಗೆ ಆಗಬೇಕು. ಏಕೆ, ಹೇಗೆ ಎಂಬುದನ್ನು ಓದಿ ತಿಳಿದಷ್ಟು ಮಟ್ಟಿಗೆ ವಿವರಿಸುತ್ತೇನೆ.

ಮೈಸೂರಿನ ಮಿಷನ್ ಆಸ್ಪತ್ರೆಯ ಪಾಠ

ಮೈಸೂರಿನವರಿಗೆ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಗೊತ್ತೇ ಇದೆ. ಊರಿನ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದರು. ಆ ಪುಸ್ತಕಗಳು ಮುಂದೊಂದು ದಿನ ವಿಜ್ಞಾನಿಗಳಿಗೆ ನಿಧಿಯಾಗುತ್ತವೆ ಎಂದು ಬರೆದಿಟ್ಟವರು ಎಣಿಸಿರಲಿಕ್ಕಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಆಸ್ಪತ್ರೆಯವರೂ ಸೇರಿ ಆ ದಾಖಲೆ ಹಿಡಿದು, ಹಾಗೆ ಹುಟ್ಟಿ ಈಗ ನಡುವಯಸ್ಸು ದಾಟಿದ್ದವರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗಿಂತ ಚೆನ್ನಾಗಿ ತೂಗಿದವರಲ್ಲಿ ಅದು ನೂರಕ್ಕೆ 3 ಮಾತ್ರ.

ಮುಂದೆ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಶುರುವಾಯಿತು. ಪರೀಕ್ಷೆಗೆ ಒಳಗಾದ 830 ತಾಯಂದಿರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಿಣಿಯಾಗಿದ್ದಾಗಲೇ ಸಕ್ಕರೆ ಏರಿತ್ತು. ಅಂಥ ತಾಯಂದಿರ ಮಕ್ಕಳಲ್ಲಿ, ಬೆಳೆದಂತೆ, ಮೈಯ ಕೊಬ್ಬು ಹೆಚ್ಚಿರುವುದೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದೂ ಕಂಡುಬಂತು. ಸಕ್ಕರೆ ಕಾಯಿಲೆ ಒಬ್ಬರದಲ್ಲ, ಮನೆಯದು ಎಂದು ಮೈಸೂರಿನ ಈ ದಾಖಲೆಗಳು ಹೇಳುತ್ತವೆ.

ಗರ್ಭಿಣಿಯಾಗಿದ್ದಾಗ ಬಂದ ಸಕ್ಕರೆ ಹೆರಿಗೆಯ ನಂತರ "ಹೋಯಿತು" ಎನ್ನುವುದು ಅರ್ಧ ನಿಜ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವರದಿಯಂತೆ, ಅಂಥ ಮಹಿಳೆಯರಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು. ಆದ್ದರಿಂದ ಹೆರಿಗೆಯಾದ 4ರಿಂದ 12 ವಾರದೊಳಗೆ ಒಮ್ಮೆ, ಅನಂತರ ಜೀವಮಾನವಿಡೀ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕೆಂದು ವೈದ್ಯರ ಸಲಹೆ. ನಮ್ಮಲ್ಲಿ ಎಷ್ಟೋ ಮಂದಿ ಬಾಣಂತನಕ್ಕೆ ಊರಿಗೆ ಹೋಗುತ್ತಾರೆ. ಊರಿನ ಫೈಲು ಊರಿನಲ್ಲಿ, ಇಲ್ಲಿನ ಫೈಲು ಇಲ್ಲಿ. ನಡುವೆ ಈ ಪರೀಕ್ಷೆ ಕಳೆದುಹೋಗುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಸಣಕಲು ಮೈಯ ಒಳಗುಟ್ಟು

"ನಾನೇನು ದಪ್ಪ ಇಲ್ಲವಲ್ಲ" ಎಂಬ ಧೈರ್ಯ ನಮಗೆಲ್ಲ ಇರುತ್ತದೆ. 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು ತಮ್ಮದೇ ಮೈಯ ಅಳತೆಯನ್ನು ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಒಬ್ಬರು ಲಂಡನ್ನಿನ ಜಾನ್ ಯುಡ್ಕಿನ್, ಇನ್ನೊಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದೂ ಒಂದೇ: 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2! ನೋಡಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂಡಿಡುವುದು ನಮ್ಮ ಮೈಯ ಗುಣ. ಆದ್ದರಿಂದ ನಮ್ಮವರಿಗೆ ಮಾಪನವೂ ಬೇರೆ. ಎತ್ತರ-ತೂಕದ ಆ ಅಳತೆ 23 ದಾಟಿದರೆ ಎಚ್ಚರ ವಹಿಸಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಹೊಲಿಗೆ ಡಬ್ಬಿಯ ಟೇಪು ಸಾಕು, ಲ್ಯಾಬು ಬೇಕಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಗಡಿಯ ಮೇಲಿದ್ದಾರೆ. ನಾವು ವಿಮಾನ ಹತ್ತಿ ಬಂದಾಗ ಈ ಗುಣವನ್ನೂ ಲಗೇಜಿನಲ್ಲಿ ತಂದಿದ್ದೇವೆ. ಅದಕ್ಕೆ ಇಲ್ಲಿನ ಎ.ಸಿ., ಲಿಫ್ಟು, ಕಾರು, ಸಿಹಿಯಾದ ಕರಕ್ ಚಹಾ ಸೇರಿಕೊಂಡಿವೆ.

ವರದಿಯ ಅಂಕಿಗಳನ್ನು ಓದುವುದು ಹೀಗೆ

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಬೆರಳಿಗೆ ಚುಚ್ಚಿ ನೋಡುವ ಸಕ್ಕರೆ ಆ ಕ್ಷಣದ ಒಂದು ಫೋಟೋ ಇದ್ದಂತೆ. ಎಚ್‌ಬಿಎ1ಸಿ ಎಂಬುದು ಎರಡು-ಮೂರು ತಿಂಗಳ ಲಾಗ್ ಫೈಲ್. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತದೆ. ಆ ಕಣಗಳು ಸುಮಾರು 120 ದಿನ ಬದುಕುವುದರಿಂದ, ಎಷ್ಟು ಅಂಟಿದೆ ಎಂದು ನೋಡಿದರೆ ಹಿಂದಿನ ವಾರಗಳ ಸರಾಸರಿ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಇದನ್ನು ಮೋಸ ಮಾಡಲಾಗದು!

ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಇದ್ದರೆ ಸಹಜ, 5.7ರಿಂದ 6.4 ಗಡಿ, 6.5 ಮತ್ತು ಮೇಲಕ್ಕೆ ಮಧುಮೇಹ. ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಸಹಜ, 100ರಿಂದ 125 ಗಡಿ, 126 ಮತ್ತು ಮೇಲಕ್ಕೆ ಮಧುಮೇಹ. ಯಾವುದೇ ಲಕ್ಷಣವಿಲ್ಲದಿದ್ದರೆ ಒಂದೇ ಪರೀಕ್ಷೆ ನಂಬದೆ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಇಲ್ಲಿನ ಕೆಲವು ಲ್ಯಾಬುಗಳ ವರದಿಯಲ್ಲಿ ಸಕ್ಕರೆ 5.5, 7.0 ಎಂದು ಸಣ್ಣ ಅಂಕಿಯಲ್ಲಿರುತ್ತದೆ. ಗಾಬರಿಯಾಗಬೇಡಿ, ಸಮಾಧಾನವೂ ಪಡಬೇಡಿ. ಅದು ಬೇರೆ ಮಾನ. 18ರಿಂದ ಗುಣಿಸಿದರೆ ನಮಗೆ ಪರಿಚಿತವಾದ ಅಂಕಿ ಬರುತ್ತದೆ. 7.0 ಎಂದರೆ 126. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಸರಿಯಾದ ಲೆಕ್ಕ ತೋರದಿರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚಾದ್ದರಿಂದ ಈ ಮಾತನ್ನು ಡಾಕ್ಟರಲ್ಲಿ ಕೇಳಿ.

ವಿಮೆ ಇಲ್ಲ ಎಂಬ ನೆಪ ಈಗ ಕಡಿಮೆ. ಅಬುಧಾಬಿ, ದುಬೈಗಳಲ್ಲಿ ಆರೋಗ್ಯ ವಿಮೆ ಕಡ್ಡಾಯವಾಗಿ ವರ್ಷಗಳೇ ಕಳೆದಿವೆ. 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳ ಖಾಸಗಿ ಉದ್ಯೋಗಿಗಳಿಗೂ ಮನೆಕೆಲಸದವರಿಗೂ ವೀಸಾಕ್ಕೆ ವಿಮೆ ಬೇಕೇ ಬೇಕು. ಯಾವ ಪರೀಕ್ಷೆಗೆ ಎಷ್ಟು ಎಂಬುದು ಒಂದೊಂದು ಕಾರ್ಡಿಗೆ ಒಂದೊಂದು ರೀತಿ. ಒಂದು ಫೋನು ಮಾಡಿ ಕೇಳಿಕೊಳ್ಳಿ.

ನಡೆಯಲು ಆರು ತಿಂಗಳು ಸಿಕ್ಕಿವೆ

ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಈ ನಾಡಿನಲ್ಲಿ ಹೊರಗೆ ನಡೆಯಬಹುದು. ನಡೆಯುವುದರಿಂದ ಏನಾಗುತ್ತದೆ? ಸಕ್ಕರೆ ಮಾಂಸಖಂಡದೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬಾಗಿಲು ತೆಗೆಯಬೇಕು. ಆದರೆ ದುಡಿಯುತ್ತಿರುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೂ ಲಾಭ. ನಮ್ಮಜ್ಜಿಯರು ಊಟದ ಮೇಲೆ ನೂರು ಹೆಜ್ಜೆ ಎಂದದ್ದು ಸುಮ್ಮನೆ ಅಲ್ಲ.

ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಗಡಿಯ ಮೇಲಿದ್ದವರು ವಾರಕ್ಕೆ 150 ನಿಮಿಷ ನಡೆದು, ತೂಕವನ್ನು ಶೇ. 7ರಷ್ಟು ಇಳಿಸುವ ಗುರಿ ಇಟ್ಟುಕೊಂಡರು. ಅವರಲ್ಲಿ ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ. 58ರಷ್ಟು ಕಡಿಮೆಯಾಯಿತು. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ ನಮ್ಮ ಜನರಲ್ಲೇ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಲಾಭ ಶೇ. 28ರ ಆಸುಪಾಸು. ನಮ್ಮ ಮೈ ಸ್ವಲ್ಪ ಹಠಮಾರಿ, ನಿಜ. ಆದರೂ ಮಾತ್ರೆಯಿಲ್ಲದೆ ಸಿಗುವ ಈ ಲಾಭ ಸಣ್ಣದಲ್ಲ.

ಈ ನಾಡು ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ. ದುಬೈನಲ್ಲಿ 2017ರಿಂದ ಫಿಟ್‌ನೆಸ್ ಚಾಲೆಂಜ್ ನಡೆಯುತ್ತಿದೆ: 30 ದಿನ, ದಿನಕ್ಕೆ 30 ನಿಮಿಷ. ಅದರ ಅಂಗವಾಗಿ ಶೇಖ್ ಜಾಯೆದ್ ರಸ್ತೆಯಲ್ಲೇ ಜನ ಓಡುವುದನ್ನು ನೀವೂ ನೋಡಿದ್ದೀರಿ. ಅಬುಧಾಬಿಯಲ್ಲಿ 2006ರಲ್ಲಿ ಆರಂಭವಾದ ಇಂಪೀರಿಯಲ್ ಕಾಲೇಜ್ ಲಂಡನ್ ಡಯಾಬಿಟಿಸ್ ಸೆಂಟರ್ ಚಿಕಿತ್ಸೆಯ ಜೊತೆಗೆ ಸಂಶೋಧನೆಯನ್ನೂ ಮಾಡುವ ಸಂಸ್ಥೆ. 2007ರಲ್ಲಿ ಅದು ಶುರು ಮಾಡಿದ ಜಾಗೃತಿ ಆಂದೋಲನದ ಹೆಸರಾಂತ ಕಾರ್ಯಕ್ರಮವೇ ಸಾರ್ವಜನಿಕ ನಡಿಗೆ. ಮದ್ದು ಕೊಡುವ ಸಂಸ್ಥೆಯೇ ಮನೆಮಂದಿಯನ್ನು ಕರೆದು ನಡೆಸುವುದು ಎಷ್ಟು ಅರ್ಥಪೂರ್ಣ! ದೊಡ್ಡ ಕಾರ್ಯಕ್ರಮ ಸಿಗದಿದ್ದರೆ ಜಬೀಲ್ ಪಾರ್ಕ್, ಮಮ್ಜರ್, ಕ್ರೀಕ್ ಪಾರ್ಕ್, ಅಬುಧಾಬಿ ಕಾರ್ನಿಶ್ ಎಲ್ಲ ಇವೆ. ಎದೆನೋವು, ಏದುಸಿರು ಇರುವವರು ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆಗೆ ಮದ್ದು ತೆಗೆದುಕೊಳ್ಳುವವರು ಜೇಬಿನಲ್ಲಿ ಒಂದು ಸಿಹಿ ಇಟ್ಟುಕೊಳ್ಳಿ, ಸರಿಯಾದ ಬೂಟು ಹಾಕಿಕೊಳ್ಳಿ.

ಹಬ್ಬದ ತಟ್ಟೆ

ಹಬ್ಬದ ದಿನ ಹೋಳಿಗೆ ತಿನ್ನಬೇಡಿ ಎನ್ನುವಷ್ಟು ಕಟುಕ ನಾನಲ್ಲ. ಒಂದು ತಿನ್ನಿ, ಖುಷಿಯಾಗಿ ತಿನ್ನಿ. ತೊಂದರೆ ಇರುವುದು ಹಬ್ಬದ ಡಬ್ಬಿಗಳು ಹದಿನೈದು ದಿನ ಅಡುಗೆಮನೆಯಲ್ಲಿ ಕೂತಿರುವುದರಲ್ಲಿ. ರಾಗಿಯ ಬಗ್ಗೆಯೂ ಒಂದು ಮಾತು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗನೆ ಸಕ್ಕರೆಯಾಗುತ್ತದೆ. ರಾಗಿ ಮದ್ದಲ್ಲ, ಊಟ. ಅಳತೆ ಬೇಕು. ಖರ್ಜೂರವೂ ಹಾಗೆಯೇ. ಅಲ್ ಐನ್‌ನ ವಿಜ್ಞಾನಿಗಳು ಇಲ್ಲಿನ ಐದು ತಳಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದಂತೆ, ಖರ್ಜೂರ ನಾವು ಅಂದುಕೊಂಡಷ್ಟು ವೇಗವಾಗಿ ಸಕ್ಕರೆ ಏರಿಸುವುದಿಲ್ಲ. ಆದರೂ ಒಂದು ದೊಡ್ಡ ಮಜ್ದೂಲ್ ಖರ್ಜೂರದಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇರುತ್ತದೆ. ಒಂದು ಸರಿ, ಡಬ್ಬಿ ಬೇಡ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಅಳತೆ ಬಲ್ಲವನಿಗೆ ಹೇಳಿದ್ದು.

ಫ್ಲೂ, ಬಿಸಿಲು ಮತ್ತು ಊರಿನಿಂದ ಬರುವ ಹಿರಿಯರು

ಶಾಲೆಗಳು ತೆರೆದು, ಗಾಳಿ ತಂಪಾಗುತ್ತಿದ್ದಂತೆ ಫ್ಲೂ ಹರಡುತ್ತದೆ. ವೈರಸ್ಸು ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ವರ್ಷವರ್ಷ ಹೊಸದಾಗಿ ಹೊಂದಿಸುತ್ತಾರೆ. ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಮಧುಮೇಹ, ಆಸ್ತಮಾ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು, 65 ದಾಟಿದವರು ತಪ್ಪಿಸಬಾರದು.

ಇಷ್ಟು ಬಿಸಿಲಿರುವ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಏಕೆ ಎಂದು ಹಲವರು ಕೇಳುತ್ತಾರೆ. ಮೈಗೆ ಡಿ ತಯಾರಿಸಲು ಬೇಕಾದ ಕಿರಣ ಕಿಟಕಿಯ ಗಾಜು ದಾಟುವುದಿಲ್ಲ. ನಾವೋ ಗಾಜಿನ ಹಿಂದೆಯೇ ಇರುವವರು. ತಂಪಿನ ದಿನಗಳಲ್ಲಿ ಮಕ್ಕಳ ಜೊತೆ ಸ್ವಲ್ಪ ಬಿಸಿಲಿಗೆ ಹೋಗಿ. ಊರಿನಿಂದ ತಂದ 60,000 ಯೂನಿಟ್ಟಿನ ಪುಡಿ, ಮಾತ್ರೆಗಳನ್ನು ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ನುಂಗಬೇಡಿ. ಡಿ ಮೈಯಲ್ಲಿ ಶೇಖರವಾಗುವ ವಿಟಮಿನ್, ಅತಿಯಾದರೆ ಅಪಾಯ.

ಚಳಿಗಾಲ ಎಂದರೆ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಕಾಲವೂ ಹೌದು. ಅವರ ಇನ್ಸುಲಿನ್ ಕೈಚೀಲದಲ್ಲೇ ಬರಲಿ, ಲಗೇಜಿಗೆ ಹಾಕಬೇಡಿ. ನಿಲ್ಲಿಸಿದ ಕಾರಿನಲ್ಲಿ ಎಂದೂ ಬಿಡಬೇಡಿ. ಮದ್ದಿನ ಚೀಟಿ ಜೊತೆಯಲ್ಲಿರಲಿ. ನೋವು, ನಿದ್ರೆ, ಮನಸ್ಸಿನ ಕಾಯಿಲೆಯ ಕೆಲವು ಮದ್ದುಗಳಿಗೆ ಇಲ್ಲಿ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ, ಹೊರಡುವ ಮೊದಲೇ ವಿಚಾರಿಸಿ. ಪ್ರವಾಸದ ವಿಮೆ ಮಾಡಿಸಿ.

ಕೊನೆಯ ಮಾತು

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ತಪ್ಪು ಪರೀಕ್ಷೆಯಲ್ಲಿ ಸಿಕ್ಕರೆ ಅಗ್ಗ, ಗ್ರಾಹಕನ ಕೈಗೆ ಹೋದ ಮೇಲೆ ಸಿಕ್ಕರೆ ದುಬಾರಿ. ಸಕ್ಕರೆಯೂ ಹಾಗೆ. ಕಣ್ಣು, ಮೂತ್ರಪಿಂಡ, ಕಾಲುಗಳಿಗೆ ತಲುಪುವ ಮೊದಲು ಸಿಕ್ಕರೆ ಹಿಡಿಯಬಹುದು.

ನನ್ನವಳ ವಿಷಯ ಮುಗಿಸುತ್ತೇನೆ. ಡಾಕ್ಟರು ಮಾತ್ರೆ ಕೊಟ್ಟರು. ಕಣ್ಣು ಮತ್ತು ಮೂತ್ರದ ಪರೀಕ್ಷೆ ಮಾಡಿಸಿದರು, ಪುಣ್ಯಕ್ಕೆ ಎರಡೂ ಚೆನ್ನಾಗಿದ್ದವು. ಆ ಶರತ್ಕಾಲದಿಂದ ರಾತ್ರಿ ಊಟದ ಪಾತ್ರೆ ನಾನು ತೊಳೆಯುತ್ತೇನೆ, ಆಮೇಲೆ ನಾಲ್ವರೂ ಪಾರ್ಕಿಗೆ ಎರಡು ಸುತ್ತು ಹೋಗುತ್ತೇವೆ. ಒಂದು ವರ್ಷದ ನಂತರ ಅವಳದು 6.3, ನನ್ನದು 5.8. ಮಗಳು ಇಬ್ಬರ ವರದಿಯನ್ನೂ ಫ್ರಿಜ್ಜಿನ ಮೇಲೆ ಅಂಟಿಸಿ, "ಅಮ್ಮ ಜಾಸ್ತಿ ಇಳಿಸಿದ್ದು, ಅಮ್ಮ ಫಸ್ಟ್" ಎಂದು ಬರೆದಿದ್ದಾಳೆ.

ಹಿಂದೆ ಹಿರಿಯರು ನೂರು ವರ್ಷ ಬಾಳು ಎನ್ನಲು ನೂರು ಶರತ್ಕಾಲ ಬಾಳು ಎಂದು ಹರಸುತ್ತಿದ್ದರಂತೆ. ಈ ಸಂಚಿಕೆ ಮಡಿಸಿಡುವ ಮೊದಲು ಒಂದು ಕೆಲಸ ಮಾಡಿ. ಪಕ್ಕದಲ್ಲಿರುವವರನ್ನು, ಅಡುಗೆಮನೆಯಲ್ಲಿರುವವರನ್ನು, ಊರಿನಲ್ಲಿ ಫೋನಿಗೆ ಕಾಯುತ್ತಿರುವವರನ್ನು, ನಿಮ್ಮ ಬಿಲ್ಡಿಂಗಿನ ವಾಚ್‌ಮನ್‌ನನ್ನು ಒಮ್ಮೆ ಕೇಳಿ: "ಸಕ್ಕರೆ ಯಾವಾಗ ನೋಡಿಸಿದ್ದು?" ಉತ್ತರ ಹೇಳಲು ಅವರು ಯೋಚಿಸಬೇಕಾಗಿ ಬಂದರೆ, ಈ ವಾರವೇ ಕರೆದುಕೊಂಡು ಹೋಗಿ.